ಮೆತ್ತನೆ ಮಷಿನ್ನಿನ ಒರಟುತನ

ಈಚೆಗೆ ಟ್ಯಾಟೂ ಮಷಿನ್ನುಗಳ ಜಾಹೀರಾತಿನಲ್ಲಿ ‘ನೋವು ಗೊತ್ತೇ ಆಗೋದಿಲ್ಲ’ ಅನ್ನುವ ಮಾತು ಸಾಮಾನ್ಯವಾಗಿಬಿಟ್ಟಿದೆ. ಹೀಗೆ ಹೇಳುವವರನ್ನು ನಂಬಬೇಡಿ. ಬಣ್ಣ ಚರ್ಮದ ಮೇಲ್ಪದರದಲ್ಲೇ ನಿಂತರೆ ಕೆಲವು ವಾರಗಳಲ್ಲಿ ಸಿಪ್ಪೆಯ ಜೊತೆ ಉದುರಿಹೋಗುತ್ತದೆ. ತೀರಾ ಕೆಳಗೆ, ಕೊಬ್ಬಿಗೆ ಇಳಿದರೆ ಗೆರೆಯ ಆಚೀಚೆ ನೀಲಿಯಾಗಿ ಹರಡಿಕೊಳ್ಳುತ್ತದೆ. ಉಳಿಯಬೇಕಾದರೆ ಒಂದೂವರೆ ಮಿ.ಮೀ. ಆಸುಪಾಸಿನ ಆಳದಲ್ಲಿ, ಡರ್ಮಿಸ್ ಎಂಬ ನಡುಪದರದಲ್ಲೇ ಕೂರಬೇಕು. ಅಲ್ಲಿಗೆ ಹೋಗುವ ದಾರಿಯುದ್ದಕ್ಕೂ ನೋವಿನ ನರತುದಿಗಳಿವೆ. ನನ್ನ ಮಟ್ಟಿಗೆ ಒಳ್ಳೆಯ ಮಷಿನ್ನಿಗಿರುವ ಪರೀಕ್ಷೆ ಒಂದೇ: ಒಮ್ಮೆ ಚುಚ್ಚಿದ ಜಾಗಕ್ಕೆ ಮತ್ತೆ ಬರಬೇಕಾಯಿತೇ?

ಹಚ್ಚೆ ಮಷಿನ್ನಿನ ಕಥೆ ಶುರುವಾಗುವುದು ಕಚೇರಿಯಿಂದ. ಎಡಿಸನ್ 1876ರಲ್ಲಿ ಪೇಟೆಂಟ್ ಮಾಡಿಸಿದ ಎಲೆಕ್ಟ್ರಿಕ್ ಪೆನ್ನು ಕಚೇರಿ ಕಾಗದಗಳ ನಕಲು ತೆಗೆಯಲು ಕಾಗದಕ್ಕೆ ತೂತು ಹೊಡೆಯುವ ಯಂತ್ರ. ತಲೆಯ ಮೇಲೊಂದು ಪುಟ್ಟ ಮೋಟಾರು. ಅದೇ ದಾರಿ ಹಿಡಿದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒ’ರೈಲಿ 1891ರಲ್ಲಿ ಹಚ್ಚೆ ಮಷಿನ್ನಿಗೆ ಪೇಟೆಂಟ್ ಪಡೆದ. ಆಮೇಲೆ ಬಂದು ದಶಕಗಟ್ಟಲೆ ಆಳಿದ್ದು ಕಾಯಿಲ್ ಮಷಿನ್. ಹಳೇ ಕಾಲಿಂಗ್ ಬೆಲ್ಲಿನ ತತ್ವವೇ. ಕರೆಂಟ್ ಹರಿದಾಗ ಕಾಯಿಲ್, ಅಂದರೆ ತಂತಿಸುರುಳಿ, ಆಯಸ್ಕಾಂತವಾಗಿ ಸೂಜಿ ಕಟ್ಟಿದ ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ, ಎಳೆದೊಡನೆ ಸಂಪರ್ಕ ಕಡಿಯುತ್ತದೆ, ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ತರುತ್ತದೆ. ಸೆಕೆಂಡಿಗೆ ನೂರರ ಆಸುಪಾಸು ಇದೇ ಆಟ. ಈಗ ‘ಹೊಸ ತಂತ್ರಜ್ಞಾನ’ ಎಂದು ಮಾರುವ ರೋಟರಿ ಮಷಿನ್ನುಗಳು ಮತ್ತೆ ಮೋಟಾರಿಗೇ ಮರಳಿದಂಥವು. ಎಡಿಸನ್ ನೋಡಿದರೆ ಗುರುತು ಹಿಡಿದಾನು.

ಕಾಯಿಲ್ ಗದ್ದಲದ್ದು, ಭಾರದ್ದು, ಬಿಸಿಯಾಗುತ್ತದೆ. ಆದರೂ ಅದರ ಸ್ಪ್ರಿಂಗಿಗೊಂದು ಸೌಜನ್ಯವಿದೆ: ಚರ್ಮ ಅಡ್ಡ ಬಂದರೆ ಚೂರು ಬಗ್ಗುತ್ತದೆ. ಮೋಟಾರಿನಿಂದ ನೇರ ಸೂಜಿಗೆ ಜೋಡಿಸಿದ ರೋಟರಿಗೆ ಆ ದಾಕ್ಷಿಣ್ಯವಿಲ್ಲ. ತೋಳಿನ ಹೊರಮೈಗೆ ಕೊಟ್ಟ ಏಟನ್ನೇ ಒಳಮೈಯ ತೆಳು ಚರ್ಮಕ್ಕೂ ಕೊಡುತ್ತದೆ. ಅದಕ್ಕೇ ತಯಾರಕರು ನಡುವೆ ಸ್ಪ್ರಿಂಗೋ ರಬ್ಬರೋ ಇಟ್ಟು ಏಟನ್ನು ಮೆತ್ತಗೆ ಮಾಡಿದರು. ಕಸುಬಿನವರು ಇದಕ್ಕೆ ‘ಗಿವ್’ ಅನ್ನುತ್ತಾರೆ. ಬೂದುಬಣ್ಣದ ನೆರಳು ತುಂಬುವಾಗ ಇದು ಸೊಗಸು. ಗೆರೆ ಎಳೆಯುವಾಗ ಮಾತ್ರ ಗ್ರಹಚಾರ. ಮೆತ್ತಗೆ ಬಿದ್ದ ಸೂಜಿ ಅರ್ಧ ಬಣ್ಣವನ್ನಷ್ಟೇ ಬಿಟ್ಟು ಬರುತ್ತದೆ, ಗೆರೆ ತುಂಡುತುಂಡಾಗುತ್ತದೆ. ಅದೇ ಗೆರೆಯ ಮೇಲೆ ಎರಡನೇ ಸಲ, ಮೂರನೇ ಸಲ. ಆಗಲೇ ಊದಿಕೊಂಡ ಚರ್ಮಕ್ಕೆ ಬೀಳುವ ಮೂರನೇ ಸಲದ ಮೆತ್ತನೆ ಏಟು ಮೊದಲ ಗಟ್ಟಿ ಏಟಿಗಿಂತ ಹೆಚ್ಚು ಉರಿಯುತ್ತದೆ. ಗಾಯ ಮಾಯ್ದ ಮೇಲೆ ಉಬ್ಬಿ ನಿಲ್ಲುವ ಗೆರೆಗಳ ಹಿಂದೆ ಹೆಚ್ಚಾಗಿ ಇರುವುದು ಇದೇ ಕಥೆ.

ಸೂಜಿ ಮೇಲಿಂದ ಕೆಳಕ್ಕೆ ಚಲಿಸುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ. ಕೊಳ್ಳುವವರು ಇದನ್ನು ಕೇಳುವುದೇ ಕಡಿಮೆ. ಬಣ್ಣ ಯಾವುದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕೇಳುತ್ತಾರೆ. ಒಂದು ಲೆಕ್ಕ ಹಾಕೋಣ. ಒಂದೇ ಸಮನೆ ತಿರುಗುವ ಮೋಟಾರು, ಸೂಜಿ ಇಳಿಯುವ ಆಳ 1.5 ಮಿ.ಮೀ. ಸ್ಟ್ರೋಕ್ 3.5 ಮಿ.ಮೀ. ಇದ್ದರೆ ಪ್ರತಿ ಸುತ್ತಿನಲ್ಲಿ ಸೂಜಿ ಸುಮಾರು ಶೇ 45ರಷ್ಟು ಹೊತ್ತು ಚರ್ಮದೊಳಗಿರುತ್ತದೆ. ಅದೇ 2.5 ಮಿ.ಮೀ. ಆದರೆ ಶೇ 56. ಅಷ್ಟು ಹೊತ್ತೂ ಕೈ ಪಕ್ಕಕ್ಕೆ ಸರಿಯುತ್ತಲೇ ಇರುತ್ತದೆ ಅನ್ನುವುದನ್ನು ಮರೆಯಬಾರದು. ಒಳಗಿರುವ ಸೂಜಿ ಪಕ್ಕಕ್ಕೆ ಸರಿದರೆ ಚುಚ್ಚುವ ಕೆಲಸ ಸೀಳುವ ಕೆಲಸವಾಗುತ್ತದೆ. ಚಿಕ್ಕ ಸ್ಟ್ರೋಕು ಮೃದು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ನಮ್ಮ ಜಾತ್ರೆಗಳಲ್ಲಿ ಕೈಯಿಂದಲೇ ಹಚ್ಚೆ ಹಾಕುತ್ತಿದ್ದ ಹೆಂಗಸರ ಸೂಜಿ ಇಳಿದಲ್ಲೇ ಮೇಲಕ್ಕೇಳುತ್ತಿತ್ತು, ಎದ್ದ ಮೇಲಷ್ಟೇ ಕೈ ಸರಿಯುತ್ತಿತ್ತು. ಸೀಳುವ ಮಾತೇ ಇರಲಿಲ್ಲ. ಶುಚಿತ್ವದ ಪ್ರಶ್ನೆ ಬೇರೆ, ಅದನ್ನು ನಾನು ಸಮರ್ಥಿಸುತ್ತಿಲ್ಲ.

ಸೂಜಿಯ ದಪ್ಪದಲ್ಲೂ ಇದೇ ಹಗ್ಗಜಗ್ಗಾಟ. 0.35 ಮಿ.ಮೀ. ಬದಲು 0.25 ಮಿ.ಮೀ. ಸೂಜಿ ಹಿಡಿದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕಿಳಿಯುತ್ತದೆ. ತಾನು ಹೊತ್ತೊಯ್ಯುವ ಬಣ್ಣವೂ ಇಳಿಯುತ್ತದೆ. ಮುಖಚಿತ್ರದ ನಯವಾದ ನೆರಳಿಗೆ ಸರಿ. ದಟ್ಟ ಕಪ್ಪು ತುಂಬಲು ಇದನ್ನು ಹಿಡಿಯುವವನ ಮುಂದೆ ನಾನಂತೂ ಕೈ ಚಾಚುವುದಿಲ್ಲ.

ಇನ್ನು ಮಷಿನ್ ಹಿಡಿಯದ ಕೈ. ಚರ್ಮವನ್ನು ಎಳೆದು ಬಿಗಿಯಾಗಿ ಹಿಡಿಯುವುದು ಅದರ ಕೆಲಸ. ಸಡಿಲ ಚರ್ಮ ಸೂಜಿಯೊಂದಿಗೆ ತಾನೂ ಏಳುತ್ತ ಬೀಳುತ್ತ ಇರುತ್ತದೆ, ಆಳ ತಪ್ಪುತ್ತದೆ. ಇನ್ನೊಂದು ಲಾಭವೂ ಇದೆ: ಪಕ್ಕದಲ್ಲೇ ಬಿದ್ದ ಒತ್ತಡ ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲೇ ತಗ್ಗಿಸಬಲ್ಲದು. ನೋವಿನ ಸಂಶೋಧಕರಾದ ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಮಂಡಿಸಿದ ‘ಗೇಟ್’ ಸಿದ್ಧಾಂತದ ತಿರುಳು ಇದು. ಇಷ್ಟು ಕೆಲಸ ಮಾಡುವ ಎಡಗೈಯನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಕಂಪನಿಗಳು ಮಾರುವುದರಲ್ಲಿ ನಿಜಕ್ಕೂ ಮೆಚ್ಚಬೇಕಾದದ್ದು ಕಾರ್ಟ್ರಿಜ್. ಬರ್ಲಿನ್ನಿನ ಶಯೆನ್ ಮಷಿನ್ನುಗಳಿಂದಾಗಿ ಹೆಸರಾದ ಈ ಪದ್ಧತಿಯಲ್ಲಿ ಸೂಜಿ, ಅದರ ಮೂತಿ, ಒಳಗಿನ ರಬ್ಬರ್ ಪೊರೆ ಎಲ್ಲ ಸೇರಿ ಬಳಸಿ ಬಿಸಾಡುವ ಒಂದೇ ತುಂಡು. ಬಣ್ಣ, ರಕ್ತ ಮಷಿನ್ನಿನೊಳಗೆ ಹೋಗದಂತೆ ಪೊರೆ ತಡೆಯುತ್ತದೆ. ಹೆಚ್ಚಿನವರಿಗೆ ಅಷ್ಟೇ ಗೊತ್ತು. ಆದರೆ ಮಷಿನ್ನು ಸೂಜಿಯನ್ನು ಮುಂದಕ್ಕೆ ನೂಕುತ್ತದೆಯೇ ಹೊರತು ಹಿಂದಕ್ಕೆ ಎಳೆಯುವುದಿಲ್ಲ. ವಾಪಸು ತರುವುದು ಈ ಪೊರೆಯ ಸೆಳೆತವೇ. ಅಗ್ಗದ ಕಾರ್ಟ್ರಿಜ್ಜಿನಲ್ಲಿ ಪೊರೆ ಜೋಲಾಗಿದ್ದರೆ ಸೂಜಿ ತಡವಾಗಿ ಹಿಂದಿರುಗುತ್ತದೆ, ಹೊರಗೇ ಉಳಿದು ಚರ್ಮವನ್ನು ಗೀರುತ್ತದೆ. ದುಬಾರಿ ಮಷಿನ್ ಕೊಂಡು ಕಾರ್ಟ್ರಿಜ್ಜಿನಲ್ಲಿ ಕಾಸು ಉಳಿಸುವವರು ಉಳಿಸುತ್ತಿರುವುದು ಗಿರಾಕಿಯ ಮೈಮೇಲೆ. ಕಲಾವಿದರು ಹೊಸ ಕಾರ್ಟ್ರಿಜ್ ಬಿಚ್ಚಿದಾಗ ಅದರ ಹಿಂಬದಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ಬಿಡಲಿ. ಸೂಜಿ ಟಕ್ಕನೆ ಒಳಸೇರಬೇಕು. ಸೋಮಾರಿಯಾಗಿ ಸರಿದರೆ ಅದನ್ನು ಮಷಿನ್ನಿಗೆ ಹಾಕದೆ ನೇರ ಸೂಜಿ ಬಿಸಾಡುವ ಡಬ್ಬಿಗೆ ಹಾಕಲಿ.