ಬಿಡುಗಡೆಯ ಬೆಲೆ

ಕಡಲ ಸಾಹಸದ ಕಥೆಗಳ ವಿಷಯದಲ್ಲಿ ನಮ್ಮ ಪಂಡಿತಮಂಡಲಿಗೆ ಇರುವ ಅನಾದರವು ಸರ್ವವಿದಿತವಾದುದು. ಅವು ಬಾಲಕರ ಓದಿಗೆ ತಕ್ಕವು, ರೈಲಿನ ಪ್ರಯಾಣದಲ್ಲಿ ಹೊತ್ತು ಕಳೆಯಲು ಒದಗತಕ್ಕವು, ಕಾವ್ಯವಿಚಾರಕ್ಕೆ ಯೋಗ್ಯವಾದುವಲ್ಲ ಎಂಬುದು ಅವರ ಮತ. ಈ ಮತವನ್ನು ಪೂರ್ತಿಯಾಗಿ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆ ಜಾತಿಯ ಪುಸ್ತಕಗಳಲ್ಲಿ ಬಹುಪಾಲು ಅದೇ ತೀರ್ಪಿಗೆ ಅರ್ಹವಾದುವು. ಆದರೆ ದಂಡಿಯ 'ದಶಕುಮಾರಚರಿತ'ವನ್ನು ತಲೆಯ ಮೇಲೆ ಹೊತ್ತು ಮೆರೆಯಿಸುವ ನಾವು ಅದರಲ್ಲಿ ಮಿತ್ರಗುಪ್ತನ ಕಥೆಯನ್ನು ಮರೆಯಬಾರದು. ರಾಜಕುಮಾರಿಯ ಅಣ್ಣನಾದ ಭೀಮಧನ್ವನು ಮಿತ್ರಗುಪ್ತನನ್ನು ಕಟ್ಟಿಸಿ ಕಡಲಿಗೆ ಎಸೆಯಿಸುತ್ತಾನೆ. ಮರದ ತುಂಡೊಂದನ್ನು ಆಶ್ರಯಿಸಿ ತೇಲುತ್ತಿದ್ದವನನ್ನು ಯವನರ ನಾವೆಯೊಂದು ಎತ್ತಿಕೊಳ್ಳುತ್ತದೆ. ಎತ್ತಿಕೊಂಡವರು ಅವನನ್ನು ತಮ್ಮ ದ್ರಾಕ್ಷಿಬಳ್ಳಿಗೆ ನೀರೆರೆಯುವ ಆಳಾಗಿ ಮಾಡಿಕೊಳ್ಳುವ ಲೆಕ್ಕ ಹಾಕುತ್ತಿರುವಾಗಲೇ ಶತ್ರುನೌಕೆಗಳು ಬಂದು ಮುತ್ತುತ್ತವೆ. ಸಂಕೋಲೆ ಬಿಚ್ಚಿರೆಂದು ಕೇಳಿ, ಬಿಚ್ಚಿದೊಡನೆ ಕಾದಿ, ಎದುರಾಳಿಯ ನಾಯಕನನ್ನು ಜೀವಸಹಿತ ಹಿಡಿದು ನೋಡಿದರೆ ಅವನೇ ಭೀಮಧನ್ವ! ಇದನ್ನು ಗದ್ಯಕಾವ್ಯವೆಂದು ಪಾಠ ಹೇಳಿದ ಬಾಯಿಂದಲೇ, ಇಂಥದೇ ಕಥೆ ಸೀಮೆಯ ಭಾಷೆಯಲ್ಲಿ ಬಂದರೆ ಹುಡುಗಾಟವೆಂದು ಹೇಳುವುದು ನ್ಯಾಯವಲ್ಲ.

ಆದುದರಿಂದ ಇಂಥ ಕಥೆಗಳು ಗ್ರಾಹ್ಯವೋ ತ್ಯಾಜ್ಯವೋ ಎಂದು ಒಟ್ಟಿಗೆ ಕೇಳುವುದರ ಬದಲು ಬೇರೊಂದು ಪ್ರಶ್ನೆಯನ್ನು ಕೇಳುವುದು ಮೇಲು. ಆಪತ್ತಿನಲ್ಲಿ ಬಿದ್ದವನನ್ನು ಮತ್ತೊಬ್ಬನು ಪಾರುಗಾಣಿಸುವ ಪ್ರಸಂಗವಿಲ್ಲದೆ ಈ ಕಾದಂಬರಿಗಳಿಲ್ಲ. ಆ ಪ್ರಸಂಗವು ಯಾವಾಗ ರಸವಾಗುತ್ತದೆ, ಯಾವಾಗ ಬರಿಯ ಗದ್ದಲವಾಗುತ್ತದೆ? ಪಾರುಮಾಡಿದವನಿಗೆ ಅದರಿಂದ ಏನು ನಷ್ಟವಾಯಿತೆಂಬುದನ್ನು ನೋಡಿದರೆ ಉತ್ತರ ಸಿಕ್ಕುವುದೆಂದು ನನಗೆ ತೋರುತ್ತದೆ. ಇದನ್ನು ಪರೀಕ್ಷಿಸಲು ಎರಡು ಆಂಗ್ಲ ಕಾದಂಬರಿಗಳನ್ನು ಎತ್ತಿಕೊಂಡಿದ್ದೇನೆ. ಎರಡರಲ್ಲಿಯೂ ಸಮುದ್ರಯಾನ ಮಾಡುವ ಅಣ್ಣತಮ್ಮಂದಿರಿದ್ದಾರೆ; ಎರಡೂ 16ನೆಯ ಶತಮಾನದ ಕಡೆಯ ಭಾಗದಲ್ಲಿ, ಸ್ಪೇನಿಗೂ ಇಂಗ್ಲೆಂಡಿಗೂ ಕಡಲಿನಲ್ಲಿ ವೈರವಿದ್ದ ಕಾಲದಲ್ಲಿ ನಡೆಯುತ್ತವೆ.

ಮೊದಲನೆಯದು ರಫೇಲ್ ಸಬಾಟಿನಿಯು 1915ರಲ್ಲಿ ಪ್ರಕಟಿಸಿದ 'ದಿ ಸೀ ಹಾಕ್', ಎಂದರೆ 'ಕಡಲ ಗಿಡುಗ'. ಈತನು 1875ರಲ್ಲಿ ಇಟಲಿಯ ಯೇಸಿ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಇಟಲಿಯವನು, ತಾಯಿ ಆಂಗ್ಲೇಯಳು, ಇಬ್ಬರೂ ಗೀತನಾಟಕಗಳಲ್ಲಿ ಹಾಡುತ್ತಿದ್ದವರು. ಹಲವು ಭಾಷೆಗಳನ್ನು ಬಲ್ಲವನಾದರೂ ತಾಯಿನುಡಿಯಾದ ಇಂಗ್ಲಿಷಿನಲ್ಲಿಯೇ ಬರೆದನು. ಈ ಕಾದಂಬರಿಯ ಹೆಸರನ್ನಿಟ್ಟುಕೊಂಡು 1940ರಲ್ಲಿ ಬಂದ ಚಲಚ್ಚಿತ್ರದಲ್ಲಿ ಹೆಸರು ಹೊರತು ಮತ್ತೇನೂ ಇದರದಲ್ಲವಾದ್ದರಿಂದ, ಅದನ್ನು ನೋಡಿದವರು ಪುಸ್ತಕವನ್ನು ಓದಿದಂತಾಗಲಿಲ್ಲ.

ಕಾರ್ನ್‌ವಾಲ್ ಸೀಮೆಯ ಸರದಾರ ಆಲಿವರ್ ಟ್ರೆಸಿಲಿಯನ್ನನಿಗೆ ಲಯೊನೆಲ್ ಎಂಬ ಮಲತಮ್ಮನಿದ್ದಾನೆ. ಆಲಿವರನು ರೋಸಮಂಡಳನ್ನು ಒಲಿದಿದ್ದಾನೆ. ಅವಳ ಅಣ್ಣ ಪೀಟರನಿಗೆ ಇದು ಸಹ್ಯವಿಲ್ಲ. ಒಂದು ಸಂಜೆ ಸಾಕ್ಷಿಗಳಿಲ್ಲದ ದ್ವಂದ್ವದಲ್ಲಿ ಲಯೊನೆಲನ ಕೈಯಿಂದ ಪೀಟರನು ಸಾಯುತ್ತಾನೆ. ಗಾಯಗೊಂಡ ತಮ್ಮನು ಮನೆಗೆ ಬಂದ ದಾರಿಯಲ್ಲಿ ಸುರಿದ ರಕ್ತವು ಅಣ್ಣನ ಕಡೆಗೆ ಬೆರಳು ತೋರಿಸುತ್ತದೆ. ಆಲಿವರನು ಸುಮ್ಮನಿರುತ್ತಾನೆ. ತನ್ನ ಮೈಮೇಲೆ ಗಾಯವಿಲ್ಲವೆಂದು ನ್ಯಾಯಾಧಿಕಾರಿಗೂ ಪಾದ್ರಿಗೂ ತೋರಿಸಿ ಬರಹ ಪಡೆದಿದ್ದರೂ ತಮ್ಮನ ಹೆಸರನ್ನು ಮಾತ್ರ ಬಾಯಿಬಿಡುವುದಿಲ್ಲ.

ಇಲ್ಲಿ ನನಗೆ ಸಂಪಾತಿಯ ನೆನಪಾಗದೆ ಇರಲಿಲ್ಲ. ಸೂರ್ಯನ ಬಳಿಗೆ ಹಾರಿದ ಜಟಾಯುವಿನ ಮೇಲೆ ರೆಕ್ಕೆಯನ್ನು ಹರಡಿ ಕಾಪಾಡಿದ ಅಣ್ಣನು ತಾನು ರೆಕ್ಕೆ ಸುಟ್ಟುಕೊಂಡು ವಿಂಧ್ಯದಲ್ಲಿ ಬಿದ್ದನು. ಆದರೆ ಜಟಾಯುವು ಅಣ್ಣನಿಗೆ ಹೆದರಲಿಲ್ಲ. ಲಯೊನೆಲನು ಹೆದರುತ್ತಾನೆ, ಕಾದಂಬರಿಯ ಅತ್ಯಂತ ಬೆಲೆಯುಳ್ಳ ಪುಟಗಳು ಈ ಹೆದರಿಕೆಯವು. ಮೊದಲು ಅವನಲ್ಲಿರುವುದು ಕೃತಜ್ಞತೆ. ಅಣ್ಣನ ಮೇಲಿನ ಅಪವಾದವು ಬಲಿತಷ್ಟೂ, ರೋಸಮಂಡಳ ಪ್ರೀತಿಗಾಗಿ ಅಣ್ಣನು ಒಂದು ದಿನ ನಿಜವನ್ನು ಹೇಳಿಬಿಟ್ಟಾನೆಂಬ ಶಂಕೆ ಅವನಲ್ಲಿ ಮೊಳೆಯುತ್ತದೆ. ತಾನು ಆ ಸ್ಥಿತಿಯಲ್ಲಿದ್ದರೆ ಏನು ಮಾಡುತ್ತಿದ್ದೆನೆಂದು ಅವನಿಗೆ ಚೆನ್ನಾಗಿ ಗೊತ್ತು. ಅದನ್ನೇ ಅಣ್ಣನ ಮೇಲೆ ಆರೋಪಿಸುತ್ತಾನೆ. ಸಾಲ ಕೊಟ್ಟವನ ಮುಖವನ್ನು ಕಂಡರಾಗದವರನ್ನು ನಾವೆಲ್ಲ ನೋಡಿದ್ದೇವೆ. ಪ್ರಾಣದ ಸಾಲವಾದರೆ ಕೇಳಬೇಕೆ? ಕಡೆಗೆ ಅವನು ಜಾಸ್ಪರನೆಂಬ ಹಡಗಿನ ನಾಯಕನಿಗೆ ಹಣ ಕೊಟ್ಟು, ಅಣ್ಣನನ್ನು ಹಿಡಿದೊಯ್ದು ಬಾರ್ಬರಿ ತೀರದಲ್ಲಿ ಗುಲಾಮನಾಗಿ ಮಾರುವಂತೆ ಏರ್ಪಾಡು ಮಾಡುತ್ತಾನೆ. ಈ ಇಳಿಜಾರನ್ನು ಗ್ರಂಥಕರ್ತನು ಒಂದು ಮೆಟ್ಟಿಲನ್ನೂ ಬಿಡದೆ ಇಳಿಸಿದ್ದಾನೆ. ಹಡಗುಗಳ ಕಾದಾಟವನ್ನು ಬರೆಯುವವರು ಬೇಕಾದಷ್ಟು ಮಂದಿ. ಉಪಕಾರ ಪಡೆದವನ ಎದೆಯಲ್ಲಿ ಉಪಕಾರಿಯ ಭಯ ಹುಟ್ಟುವ ಬಗೆಯನ್ನು ಹೀಗೆ ಕಂಡವರು ವಿರಳ.

ಮುಂದಿನದು ಘಟನಾಪರಂಪರೆ. ಜಾಸ್ಪರನ ಹಡಗು ಸ್ಪೇನಿನವರ ಕೈಗೆ ಸಿಕ್ಕಿ, ಆಲಿವರನು ಅವರ ನೌಕೆಯಲ್ಲಿ ಹುಟ್ಟು ಹಾಕುವ ಸಂಕೋಲೆಯ ಗುಲಾಮನಾಗುತ್ತಾನೆ. ಒಂದೇ ಹಲಗೆಯ ಮೇಲೆ ಅವನೊಡನೆ ಬಂಧಿತನಾಗಿದ್ದ ಯೂಸುಫನು ಅಲ್ಜೀರ್ಸಿನ ಪಾಷಾ ಅಸದುದ್ದೀನನ ಬಂಧು. ಮುಸಲ್ಮಾನರ ನೌಕೆಗಳು ಮುತ್ತಿದಾಗ ಇಬ್ಬರೂ ಬಿಡಿಸಿಕೊಂಡು ಕಾದುತ್ತಾರೆ. ಮಿತ್ರಗುಪ್ತನ ಪ್ರಸಂಗವನ್ನು ಬಲ್ಲವರಿಗೆ ಇದು ಪರಿಚಿತವಾದ ನೆಲವೇ. ಯೂಸುಫನು ಮಡಿಯುತ್ತಾನೆ, ಆಲಿವರನು ಮತಾಂತರಗೊಂಡು 'ಸಕ್ರ್-ಎಲ್-ಬಹರ್', ಅಂದರೆ ಕಡಲ ಗಿಡುಗ, ಎಂಬ ಹೆಸರಿನ ಕಡಲುಗಳ್ಳರ ನಾಯಕನಾಗುತ್ತಾನೆ. ತನ್ನ ನಿರಪರಾಧವನ್ನು ತೋರುವ ಬರಹವನ್ನು ಅವನು ದೂತನ ಮೂಲಕ ಕಳುಹಿಸಿದರೆ ರೋಸಮಂಡಳು ಅದನ್ನು ಓದದೆಯೇ ಬೆಂಕಿಗೆ ಹಾಕುತ್ತಾಳೆ. ತಮ್ಮನಿಗೂ ಅವಳಿಗೂ ಮದುವೆ ಗೊತ್ತಾಗಿದೆಯೆಂದು ತಿಳಿದ ಗಿಡುಗವು ಇಂಗ್ಲೆಂಡಿನ ಮೇಲೆರಗಿ ಇಬ್ಬರನ್ನೂ ಹೊತ್ತು ತರುತ್ತದೆ. ಅಲ್ಜೀರ್ಸಿನ ಗುಲಾಮರ ಸಂತೆಯಲ್ಲಿ ರೋಸಮಂಡಳು ಹರಾಜಿಗೆ ನಿಲ್ಲುತ್ತಾಳೆ. ಪಾಷಾನ ವಜೀರನ ಸವಾಲಿಗೆ ಮೇಲೆ ಸವಾಲು ಹಾಕಿ ಆಲಿವರನು ಅವಳನ್ನು ಕೊಳ್ಳುತ್ತಾನೆ.

ಓದುವವನ ಉಸಿರು ನಿಲ್ಲುವ ಈ ಸ್ಥಳದಲ್ಲಿಯೇ ನನಗೆ ದೊಡ್ಡ ಆಕ್ಷೇಪವಿದೆ. ಅದೇ ಕಟ್ಟೆಯ ಮೇಲೆ ಆ ದಿನ ಬೇರೆಯವರೂ ಮಾರಲ್ಪಡುತ್ತಾರೆ. ಅವರ ಹಲ್ಲು ತೋಳುಗಳನ್ನು ವರ್ತಕರು ಪರೀಕ್ಷಿಸುವುದನ್ನು ಗ್ರಂಥಕರ್ತನು ಬಣ್ಣದ ಪರದೆಯಂತೆ ಹಿಂದೆ ಬಿಟ್ಟುಬಿಟ್ಟಿದ್ದಾನೆ. ನಾಯಕಿಯನ್ನು ಕೊಂಡದ್ದಾಯಿತೆಂದರೆ ಸಂತೆ ಮುಗಿಯಿತು. ಹುಟ್ಟಿನ ಹಲಗೆಯ ನರಕವನ್ನು ತಿಂಗಳುಗಟ್ಟಲೆ ಅನುಭವಿಸಿದವನು ಅದೇ ಹಲಗೆಗಳುಳ್ಳ ನೌಕೆಗೆ ಒಡೆಯನಾದಾಗ, ಅವನ ಪೌರುಷವನ್ನು ಹೊತ್ತು ಸಾಗಿಸುವವರು ಬೇರೆ ಸಂಕೋಲೆಯವರು. ಇಷ್ಟು ದೊಡ್ಡ ವಿಷಯವು ಇಷ್ಟು ಹತ್ತಿರದಲ್ಲಿದ್ದರೂ ಅದಕ್ಕೆ ಸಲ್ಲಬೇಕಾದ ಪುಟಗಳು ಸಂದಿಲ್ಲ. ಔಚಿತ್ಯಭಂಗದಷ್ಟು ರಸಭಂಗಕ್ಕೆ ಕಾರಣವಾದುದು ಮತ್ತೊಂದಿಲ್ಲವೆಂದು ಆನಂದವರ್ಧನನ ಕಾಲದಿಂದಲೂ ನಮ್ಮವರು ಹೇಳುತ್ತ ಬಂದಿದ್ದಾರೆ. ಹರಾಜಿನಲ್ಲಿ ನಾಯಕನಿಗೆ ನಷ್ಟವಾದುದು ಹಣ ಮಾತ್ರ. ಆದ್ದರಿಂದಲೇ ಇದು ರೋಮಾಂಚನವಾಗಿ ಉಳಿಯಿತು.

ಕಡೆಯ ಭಾಗದಲ್ಲಿ ಬರುವ ಪ್ರಸಂಗದ ಮಾತು ಬೇರೆ. ಪಾಷಾನ ನೌಕೆಯು ದ್ವೀಪವೊಂದರ ಮರೆಯಲ್ಲಿ ನಿಂತಿದೆ. ಆಂಗ್ಲೇಯರ ಹಡಗು ಹತ್ತಿರ ಬಂದಿದೆ. ರೋಸಮಂಡಳ ಮೇಲೆ ಪಾಷಾನ ಕಣ್ಣಿದೆ. ಆಲಿವರನು ಉರಿಯುವ ಪಂಜನ್ನು ಹಿಡಿದು ಮದ್ದಿನ ಪೀಪಾಯಿಗಳ ಬಳಿ ನಿಲ್ಲುತ್ತಾನೆ. ಕತ್ತಿಯಿಲ್ಲ, ಕಾಳಗವಿಲ್ಲ, ಒಂದು ಕಿಡಿ ಬಿದ್ದರೆ ಎಲ್ಲರೂ ಒಟ್ಟಿಗೆ ಹೋಗುವರು. ಆದರೆ ಅವನು ಮಾಡುವ ಒಪ್ಪಂದವೇನು? ತಾನು ರೋಸಮಂಡಳೊಡನೆ ಆಂಗ್ಲೇಯರ ವಶವಾಗುವುದು, ಅವರು ತನ್ನ ಮುಸಲ್ಮಾನ ಸಂಗಡಿಗರಿಗೆ ಕೇಡು ಮಾಡದೆ ಬಿಡುವುದು. ಆ ಹಡಗಿನಲ್ಲಿ ತನಗೆ ಕಾದಿರುವುದು ನೇಣಿನ ಹಗ್ಗವೆಂದು ಅವನು ಬಲ್ಲನು. ವಿಶ್ವನಾಥನು 'ಸಾಹಿತ್ಯದರ್ಪಣ'ದಲ್ಲಿ ವೀರವನ್ನು ದಾನ, ಧರ್ಮ, ಯುದ್ಧ, ದಯೆಗಳೆಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಪುಸ್ತಕದುದ್ದಕ್ಕೂ ಯುದ್ಧವೀರನಾಗಿ ಅಬ್ಬರಿಸಿದವನು ಈ ಒಂದು ಗಳಿಗೆಯಲ್ಲಿ ದಯಾವೀರನಾಗುತ್ತಾನೆ. ತಾನು ಕೈಹಿಡಿಯಬೇಕೆಂದಿದ್ದ ಸ್ತ್ರೀಯನ್ನೂ ತನ್ನನ್ನು ನಂಬಿದ ಪರಮತದವರನ್ನೂ ಒಂದೇ ಬೆಲೆಗೆ, ತನ್ನ ತಲೆಯ ಬೆಲೆಗೆ, ಬಿಡಿಸುತ್ತಾನೆ.

ಈ ಕೃತಿಯ ಉಳಿದ ದೋಷಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಅಂತಃಪುರದ ಫೆಂಜಿಲೆಯ ಒಳಸಂಚು ಹಳಸಲು ಸರಕು. ಮಾತುಕತೆಗಳು ರಂಗದ ಮೇಲಿನವು. ಹಾಡುಗಾರರ ಮಗನು ಕೈತಟ್ಟುವ ಸದ್ದಿಗೆ ಕಿವಿಗೊಟ್ಟಿದ್ದಾನೆ. ಕಲ್ಪಿತನಾದ ಇತಿಹಾಸಕಾರನೊಬ್ಬನ ಗ್ರಂಥವನ್ನು ಆಧಾರವೆಂದು ಹೇಳಿಕೊಳ್ಳುವ ಚಮತ್ಕಾರವು ಮೊದಲು ನಗು ತರಿಸಿ ಆಮೇಲೆ ಬೇಸರ ತರಿಸುತ್ತದೆ.

ಎರಡನೆಯದು ಚಾರ್ಲ್ಸ್ ಕಿಂಗ್ಸ್ಲಿಯ 'ವೆಸ್ಟ್‌ವರ್ಡ್ ಹೋ!'. ಇದು 1855ರದು, ಗಾತ್ರದಲ್ಲಿ ಬಹು ದೊಡ್ಡದು. ಇದರ ಹೆಸರನ್ನೇ ಡೆವನ್ ಸೀಮೆಯ ಕಡಲತಡಿಯ ಊರೊಂದಕ್ಕೆ ಆಶ್ಚರ್ಯಸೂಚಕ ಚಿಹ್ನೆಯ ಸಮೇತ ಇಟ್ಟಿದ್ದಾರೆಂದರೆ ಅದರ ಪ್ರಭಾವವನ್ನು ವಾಚಕರು ಊಹಿಸಬಹುದು. ಬಿಡೆಫೋರ್ಡಿನ ಫ್ರಾಂಕ್ ಮತ್ತು ಅಮಿಯಾಸ್ ಎಂಬ ಅಣ್ಣತಮ್ಮಂದಿರು ಇಬ್ಬರೂ ರೋಸ್ ಎಂಬ ಕನ್ಯೆಯನ್ನು ಪ್ರೀತಿಸಿ, ಆ ಕಾರಣದಿಂದ ಒಬ್ಬರನ್ನೊಬ್ಬರು ದ್ವೇಷಿಸದೆ ಬಾಳುತ್ತಾರೆ. ಅವಳು ಡಾನ್ ಗುಜ್ಮನ್ ಎಂಬ ಸ್ಪೇನಿನವನೊಡನೆ ಹೊರಟುಹೋಗುತ್ತಾಳೆ. ಸೋದರರು ಅಟ್ಲಾಂಟಿಕ್ ಸಾಗರವನ್ನು ದಾಟಿ ದಕ್ಷಿಣ ಅಮೆರಿಕದ ಲಾ ಗ್ವೈರಾ ಬಂದರಿಗೆ ಹೋಗಿ ರಾತ್ರಿಯಲ್ಲಿ ದಡವೇರುತ್ತಾರೆ. ಪಾರುಮಾಡಲು ಹೋದ ಆ ಸಾಹಸವೇ ಅವಳಿಗೆ ಮೃತ್ಯುವಾಗುತ್ತದೆ: ಅವಳ ಮೇಲೆ ಸಂಶಯ ಹುಟ್ಟಿ, ಸೆರೆಸಿಕ್ಕ ಫ್ರಾಂಕನೊಡನೆ ಅವಳೂ ಮತನ್ಯಾಯಸ್ಥಾನದ ಬೆಂಕಿಗೆ ಆಹುತಿಯಾಗುತ್ತಾಳೆ. ಎಂಥ ಕರುಣರಸದ ಬೀಜ! ಬದುಕಿ ಉಳಿದ ತಮ್ಮನು ಆ ಹೊರೆಯನ್ನು ಹೇಗೆ ಹೊತ್ತಾನು ಎಂಬುದೇ ಕಾದಂಬರಿಯಾಗಬೇಕಾಗಿತ್ತು.

ಗ್ರಂಥಕರ್ತನು ಹಾಗೆ ಮಾಡಲಿಲ್ಲ. ಅಮಿಯಾಸನ ದುಃಖವು ಕೂಡಲೇ ಕ್ರೋಧವಾಗುತ್ತದೆ, ಕ್ರೋಧವು ಧರ್ಮವೆಂದು ಪೂಜೆಗೊಳ್ಳುತ್ತದೆ. ಪಾತ್ರಕ್ಕೆ ದ್ವೇಷವಿರುವುದು ದೋಷವಲ್ಲ, ಭೀಮನಿಗೂ ಇತ್ತು. ಆದರೆ ಇಲ್ಲಿ ಸ್ಪೇನಿನವರನ್ನೂ ರೋಮಿನ ಮತದವರನ್ನೂ ದ್ವೇಷಿಸುವವನು ಗ್ರಂಥಕರ್ತನೇ, ಅವನೋ ಪಾದ್ರಿ. 1580ರಲ್ಲಿ ಐರ್ಲೆಂಡಿನ ಸ್ಮರ್ವಿಕ್ಕಿನಲ್ಲಿ ಶರಣಾಗತರನ್ನು ಕೊಂದ ಘೋರಕೃತ್ಯವನ್ನು ಕೂಡ ಅವನು ಕಾಲೋಚಿತವಾದ ಕಾಠಿಣ್ಯವೆಂಬಂತೆ ದಾಟಿಹೋಗುತ್ತಾನೆ. ಗ್ರಂಥವನ್ನು ಸರಾವಾಕಿನ ಬಿಳಿಯ ರಾಜ ಜೇಮ್ಸ್ ಬ್ರೂಕನಿಗೂ ಬಿಷಪ್ ಸೆಲ್ವಿನ್ನನಿಗೂ ಅರ್ಪಿಸಿರುವುದನ್ನು ಕಂಡಾಗ, ಈ ಹಡಗುಗಳು ಯಾರ ತೀರಗಳ ಕಡೆಗೆ ಮುಖ ಮಾಡಿದ್ದುವೆಂಬುದು ನಮ್ಮಂಥವರಿಗೆ ತಾನಾಗಿ ತಿಳಿಯುತ್ತದೆ. 1588ರ ನೌಕಾಯುದ್ಧದ ಬಳಿಕ ಡಾನ್ ಗುಜ್ಮನ್ನನು ಹಡಗೊಡೆದು ಮುಳುಗುತ್ತಾನೆ. ಅವನನ್ನು ಕೊಲ್ಲಲು ಬೆನ್ನಟ್ಟಿದ ಅಮಿಯಾಸನ ಕಣ್ಣುಗಳನ್ನು ಸಿಡಿಲು ಕಿತ್ತುಕೊಳ್ಳುತ್ತದೆ. ಕುರುಡನಾದ ಮೇಲೆ ಅವನಿಗೆ ವಿವೇಕವುಂಟಾಗುವ ಆ ಕೆಲವು ಪುಟಗಳು ಶ್ರೇಷ್ಠವಾದುವೆನ್ನದೆ ವಿಧಿಯಿಲ್ಲ. ಆದರೆ ಐನೂರು ಪುಟಗಳ ಉರಿಯನ್ನು ಆರಿಸಲು ಅಷ್ಟು ನೀರು ಸಾಲದು.

ಈ ಎರಡನ್ನೂ ಓದಿ ಮುಗಿಸಿದವರು ಅದೇ ಕಾಲದ, ಅದೇ ಕಡಲಿನ, ನಿಜವಾದ ಅಣ್ಣತಮ್ಮಂದಿರ ಚರಿತ್ರೆಯೊಂದನ್ನು ತಿಳಿದಿರಬೇಕು. 1575ರಲ್ಲಿ ನೇಪಲ್ಸಿನಿಂದ ಸ್ಪೇನಿಗೆ ಹೋಗುತ್ತಿದ್ದ ನೌಕೆಯನ್ನು ಅಲ್ಜೀರ್ಸಿನ ಕಡಲುಗಳ್ಳರು ಹಿಡಿದಾಗ ಅದರಲ್ಲಿ ಮಿಗೆಲ್ ಮತ್ತು ರೊದ್ರಿಗೊ ಎಂಬ ಸೋದರರಿದ್ದರು. ಮಿಗೆಲನೇ ಮುಂದೆ 'ಡಾನ್ ಕ್ವಿಕ್ಸೋಟ್' ಬರೆದ ಸರ್ವಾಂಟಿಸ್. ಅವನ ಬಳಿಯಿದ್ದ ದೊಡ್ಡವರ ಶಿಫಾರಸು ಪತ್ರಗಳನ್ನು ಕಂಡು, ಇವನು ಶ್ರೀಮಂತನೆಂದು ಬಗೆದು, ಒಡೆಯನು ಬಿಡುಗಡೆಯ ಹಣವನ್ನು ಏರಿಸಿದನು. ಮನೆಯವರು ಕಷ್ಟಪಟ್ಟು ಕೂಡಿಸಿದ ಹಣ ಇಬ್ಬರಿಗೂ ಸಾಲದೆ, 1577ರಲ್ಲಿ ತಮ್ಮ ರೊದ್ರಿಗೊನ ಬಿಡುಗಡೆ ಮಾತ್ರವಾಯಿತು. ಊರಾಚೆಯ ತೋಟವೊಂದರ ಗುಹೆಯಲ್ಲಿ ಅಣ್ಣನು ಹಲವು ಮಂದಿ ಸೆರೆಯವರನ್ನು ಅಡಗಿಸಿಟ್ಟಿದ್ದನು. ಅವರನ್ನು ಕರೆದೊಯ್ಯಲು ತಮ್ಮನು ಹಡಗನ್ನು ಕಳುಹಿಸಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಹಡಗು ಬಂದಿತು; ದಡ ಸೇರಲಾರದೆ ಹೋಯಿತು. ಒಳಗಿನವನೊಬ್ಬನು ಗುಟ್ಟನ್ನು ಬಿಟ್ಟುಕೊಟ್ಟನು. ಹಿಡಿದವರ ಮುಂದೆ ಸರ್ವಾಂಟಿಸನು ತಪ್ಪೆಲ್ಲವೂ ತನ್ನೊಬ್ಬನದೇ ಎಂದು ಹೇಳಿ, ಮತ್ತೆ ಮೂರು ವರ್ಷ ಸೆರೆಯಲ್ಲಿದ್ದು, 1580ರಲ್ಲಿ ಪಾದ್ರಿಗಳು 500 ಎಸ್ಕುಡೊ ತೆತ್ತ ಮೇಲೆ ಊರಿಗೆ ಹಿಂದಿರುಗಿದನು. 1605ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಸೆರೆಯಾಳಿನ ಕಥೆಯನ್ನು ಹೇಳುವಾಗ ಅವನು ಸೋದರರಿಬ್ಬರನ್ನು ಛತ್ರವೊಂದರಲ್ಲಿ ಕೂಡಿಸಿ ಅಪ್ಪಿಕೊಳ್ಳುವಂತೆ ಮಾಡಿದ್ದಾನೆ. ತನ್ನ ಹೆಸರನ್ನು ಮಾತ್ರ ಅಲ್ಲೊಮ್ಮೆ ನುಸುಳಿಸಿ ಸುಮ್ಮನಾಗಿದ್ದಾನೆ. ಗುಹೆಯ ಸಂಗತಿಯಲ್ಲಿ ಸರ್ವಾಂಟಿಸನನ್ನು ಕೊಲ್ಲಲಿಲ್ಲ. ಅವರನ್ನು ತೋಟದಲ್ಲಿ ಅಡಗಿಸಿಕೊಂಡಿದ್ದ ತೋಟಗಾರನನ್ನು ನೇಣಿಗೆ ಹಾಕಿದರು. ಅವನ ಹೆಸರು ಹುವಾನ್ ಎಂದು ಮಾತ್ರ ದಾಖಲೆಯಲ್ಲಿ ಉಳಿದಿದೆ.