ಹದಿನಾಲ್ಕರ ಬೆನ್ನಿಗೆ ಮೂವತ್ತೊಂದರ ಭಾರ

ಉತ್ತರ ಬೆಂಗಳೂರಿನ ಸಿಂಗಾಪುರ, ಎಂ.ಎಸ್. ಪಾಳ್ಯ, ವಿದ್ಯಾರಣ್ಯಪುರ, ಯಲಹಂಕ – ಈ ಕಡೆಯ ಯಾವ ಕ್ರಿಕೆಟ್ ನೆಟ್ಸ್ ಹತ್ತಿರ ನಿಂತರೂ ವೇಗದ ಬೌಲರ್ ಹುಡುಗರಿಗೆ ಹೇಳುವ ಮಾತು ಒಂದೇ: ಹಾಕಿದಷ್ಟೂ ಮೈ ಗಟ್ಟಿಯಾಗುತ್ತೆ. ಸೊಂಟ ನೋಯುತ್ತಿದೆ ಎಂದರೆ, ಬೆಳೆಯುವ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ, ಎರಡು ದಿನ ಸ್ಪ್ರೇ ಹೊಡ್ಕೋ ಎಂಬ ಉತ್ತರ. ಕೋಚ್‌ಗಳು ಮಾತ್ರವಲ್ಲ, ಬೌಂಡರಿ ಗೆರೆಯಾಚೆ ಕೂತ ಅಪ್ಪಂದಿರೂ ಇದನ್ನು ನಂಬಿದ್ದಾರೆ. ಈ ನಂಬಿಕೆ ತಪ್ಪು. ಇದರಿಂದ ನಮ್ಮ ಮಕ್ಕಳ ಬೆನ್ನುಮೂಳೆ ಬಿರುಕು ಬಿಡುತ್ತಿದೆ.

2025ರ ಆಗಸ್ಟ್‌ನಲ್ಲಿ ಹಾಕಿದಷ್ಟೂ ಗಟ್ಟಿ ಎಂಬ ಮಾತಿಗೆ ಹೊಸ ಬಲ ಬಂತು. ಇಂಗ್ಲೆಂಡ್ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ ಬೌಲಿಂಗ್ ಹೊರೆ (ವರ್ಕ್‌ಲೋಡ್) ತಗ್ಗಿಸಲು ಐದರಲ್ಲಿ ಮೂರೇ ಟೆಸ್ಟ್ ಆಡಿದರು. ಮೊಹಮ್ಮದ್ ಸಿರಾಜ್ ಐದನ್ನೂ ಆಡಿ, 185ಕ್ಕೂ ಹೆಚ್ಚು ಓವರ್ ಹಾಕಿ, 23 ವಿಕೆಟ್ ಪಡೆದು, ಓವಲ್‌ನಲ್ಲಿ ಆರು ರನ್‌ಗಳ ಗೆಲುವು ತಂದುಕೊಟ್ಟರು. ವರ್ಕ್‌ಲೋಡ್ ಎಂಬುದೆಲ್ಲ ನೆಪ, ಸಿರಾಜ್ ಅದನ್ನು ಸುಳ್ಳು ಮಾಡಿ ತೋರಿಸಿದರು ಎಂಬ ಅರ್ಥದಲ್ಲಿ ಸುನಿಲ್ ಗವಾಸ್ಕರ್ ಮಾತಾಡಿದರು. ಗವಾಸ್ಕರ್ ಹೇಳಿದ್ದು ದೇಶದ ತಂಡದ ಬೌಲರ್ ಬಗ್ಗೆ. ನಮ್ಮ ಅಕಾಡೆಮಿಗಳು ಅದನ್ನು ಎಂಟನೇ ಕ್ಲಾಸಿನ ಹುಡುಗನಿಗೆ ಅನ್ವಯಿಸಿಕೊಂಡವು.

ಸಿರಾಜ್‌ಗೆ ಆಗ ವಯಸ್ಸು 31. ಸೊಂಟದ ಭಾಗದ ಎಲುಬು ಪೂರ್ತಿ ಬಲಿಯುವುದಕ್ಕೆ ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ವೇಗದ ಬೌಲರ್ ಮುಂದಿನ ಕಾಲು ಊರಿದಾಗ ಮೈತೂಕದ ಹಲವು ಪಟ್ಟು ಹೊಡೆತ ನೆಲದಿಂದ ವಾಪಸ್ ಬರುತ್ತದೆ. ಅದೇ ಗಳಿಗೆಯಲ್ಲಿ ಸೊಂಟ ಹಿಂದಕ್ಕೂ ಪಕ್ಕಕ್ಕೂ ಬಾಗಿ ತಿರುಚಿಕೊಳ್ಳುತ್ತದೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯ ಕೆಳಬೆನ್ನಿನಲ್ಲಿ ನೋವು ಶುರುವಾಗುವುದು ಇದರಿಂದಲೇ. ಮೊದಲು ಎಲುಬಿನೊಳಗೆ ಊತ, ಆಮೇಲೆ ಕೂದಲೆಳೆಯಷ್ಟು ಬಿರುಕು. ಊತದ ಹಂತ ಎಕ್ಸ್‌–ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಮಾತ್ರ ಕಾಣುತ್ತದೆ. ಆಗಲೇ ಬೌಲಿಂಗ್ ನಿಲ್ಲಿಸಿದರೆ ಬಿರುಕಿಗೆ ಮುಂಚೆಯೇ ಎಲುಬು ಸುಧಾರಿಸಿಕೊಳ್ಳುತ್ತದೆ. ಸ್ಪ್ರೇ ಹೊಡೆದು ಮತ್ತೆ ಬಾಲ್ ಕೊಡುವವರು ಕಳೆಯುವುದು ಆ ವಾರಗಳನ್ನೇ. ಹಾಕಿದಷ್ಟೂ ಸ್ನಾಯು ಗಟ್ಟಿಯಾಗುವುದು ನಿಜ. ಎಲುಬು ಗಟ್ಟಿಯಾಗುವುದು ನಡುವೆ ಸಿಗುವ ಬಿಡುವಿನಲ್ಲಿ.

ಓವಲ್‌ನ ಕತೆಗೆ ಇನ್ನೊಂದು ತುದಿಯೂ ಇತ್ತು. ಅದೇ ಪಂದ್ಯದಲ್ಲಿ ಎಂಟು ವಿಕೆಟ್ ಪಡೆದವರು ಬೆಂಗಳೂರಿನ ಪ್ರಸಿದ್ಧ್ ಕೃಷ್ಣ. ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ ಸುಮಾರು ಒಂದು ವರ್ಷ ಮೈದಾನದಿಂದ ದೂರವಿದ್ದು, 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದವರು. ಆಸ್ಟ್ರೇಲಿಯಾದ ಪ್ಯಾಟ್ ಕಮಿನ್ಸ್ 2011ರಲ್ಲಿ 18ನೇ ವಯಸ್ಸಿಗೆ ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಪಂದ್ಯಶ್ರೇಷ್ಠರಾದರು. ಎರಡನೇ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ನಡುವಿನ ಐದು ವರ್ಷದ ಬಹುಪಾಲನ್ನು ಬೆನ್ನು ನುಂಗಿತು. 2018ರಲ್ಲಿ ರಾಹುಲ್ ದ್ರಾವಿಡ್ ಕೋಚ್ ಆಗಿದ್ದ ಕಿರಿಯರ ತಂಡ ವಿಶ್ವಕಪ್ ಗೆದ್ದಾಗ ಕಮಲೇಶ್ ನಾಗರಕೋಟಿಯ ವೇಗ ನೋಡಿ ದೇಶವೇ ಬೆರಗಾಗಿತ್ತು. ಅದೇ ವರ್ಷ ಐಪಿಎಲ್ ತಂಡಕ್ಕೆ ಸೇರಿದ ಹುಡುಗ ಗಾಯದಿಂದ ಎರಡು ಸೀಸನ್ ಒಂದು ಪಂದ್ಯವನ್ನೂ ಆಡಲಿಲ್ಲ. ಕಮಿನ್ಸ್ ಹಿಂದೆ ಕಾಯುವ ತಾಳ್ಮೆ ಇದ್ದ ಒಂದು ಮಂಡಳಿ ಇತ್ತು. ಯಲಹಂಕದ ಹುಡುಗನಿಗೆ ಯಾರಿದ್ದಾರೆ?

‘ನಮ್ಮ ಕಾಲದಲ್ಲಿ ಯಾರು ಎಣಿಸುತ್ತಿದ್ದರು? ಜಾವಗಲ್ ಶ್ರೀನಾಥ್ ಬೆಳೆಯಲಿಲ್ಲವೇ?’ ಎಂದು ಹಿರಿಯರು ಕೇಳುತ್ತಾರೆ. ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು, ರಣಜಿಗೆ ಬಂದದ್ದು 20ರ ಹರೆಯದಲ್ಲಿ. 1997ರಲ್ಲಿ, ವೇಗದ ತುತ್ತತುದಿಯಲ್ಲಿದ್ದಾಗ, ಅವರ ಭುಜಕ್ಕೂ ಶಸ್ತ್ರಚಿಕಿತ್ಸೆ ಬೇಕಾಯಿತು. ಆ ಕಾಲದ ಹುಡುಗರಿಗೆ ಎಣಿಕೆ ಇರಲಿಲ್ಲ, ಆದರೆ ಸೀಸನ್ ಇತ್ತು. ಮಳೆಗಾಲ ಬಂದರೆ ಆಟ ನಿಲ್ಲುತ್ತಿತ್ತು, ಪರೀಕ್ಷೆ ಬಂದರೆ ಮನೆಯವರು ಬ್ಯಾಟು ಬಾಲು ಎತ್ತಿಡುತ್ತಿದ್ದರು. ಇವತ್ತು ಆಸ್ಟ್ರೋಟರ್ಫ್, ಫ್ಲಡ್‌ಲೈಟ್, ಒಳಾಂಗಣ ನೆಟ್ಸ್ ಬಂದು ಆ ಬಿಡುವನ್ನು ತಿಂದುಹಾಕಿವೆ. ಜೊತೆಗೆ, ಮುರಿದುಬಿದ್ದ ಹುಡುಗರ ಹೆಸರು ಯಾರಿಗೂ ನೆನಪಿಲ್ಲ. ಉಳಿದವರನ್ನಷ್ಟೇ ನೋಡಿ ಆ ದಾರಿಯೇ ಸರಿ ಎನ್ನುವುದು ಲೆಕ್ಕವಲ್ಲ.

ಹಾಗಾದರೆ ಪಂದ್ಯದಲ್ಲಿ ಓವರ್ ಮಿತಿ ಇಟ್ಟರೆ ಮುಗಿಯಿತೇ? ಇಂಗ್ಲೆಂಡಿನಲ್ಲಿ ಬಹಳ ಕಾಲ ಪಾಲಿಸಿದ ನಿಯಮ ಸ್ಪಷ್ಟವಾಗಿತ್ತು: 13ರೊಳಗಿನವರಿಗೆ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10, 15ರೊಳಗಿನವರಿಗೆ 6 ಮತ್ತು 12. ಒಳ್ಳೆಯ ನಿಯಮ. ಆದರೆ ಅಮೆರಿಕದ ಬೇಸ್‌ಬಾಲ್ ನಮಗಿಂತ ಮುಂಚೆ ಈ ದಾರಿಯಲ್ಲಿ ನಡೆದು ಎಡವಿದೆ. ಅಲ್ಲಿ ಚೆಂಡೆಸೆಯುವ ಪಿಚರ್ ಹುಡುಗರಿಗೆ ಹೋಗುವುದು ಮೊಣಕೈ. ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ 2007ರಲ್ಲಿ ಇನಿಂಗ್ಸ್ ಬಿಟ್ಟು ಎಸೆತಗಳನ್ನೇ ಎಣಿಸತೊಡಗಿತು. 2014ರ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿಯಲ್ಲಿ 9–10 ವರ್ಷದವರಿಗೆ ದಿನಕ್ಕೆ 75, 17–18ರವರಿಗೆ 105 ಎಸೆತ. ಆದರೂ ಮೊಣಕೈ ಶಸ್ತ್ರಚಿಕಿತ್ಸೆಗಳು ನಿಲ್ಲಲಿಲ್ಲ. ಮಿತಿ ಹಾಕುವುದೇ ವ್ಯರ್ಥ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಕಾಣುವುದು ಬೇರೆ. 9ರಿಂದ 14 ವರ್ಷದ 481 ಹುಡುಗರನ್ನು ಹತ್ತು ವರ್ಷ ಹಿಂಬಾಲಿಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ 100 ಇನಿಂಗ್ಸ್ ದಾಟಿ ಎಸೆದವರಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು. ಅಂದರೆ ಭಾರ ಸೇರುವುದು ಒಂದು ದಿನದಲ್ಲಿ ಅಲ್ಲ, ಇಡೀ ವರ್ಷದಲ್ಲಿ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ವೃತ್ತಿಪರ ಬೇಸ್‌ಬಾಲ್‌ನ ಮೇಜರ್ ಲೀಗ್ ಹೊರತಂದ ವರದಿ ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವ, ವೇಗದ ಬೆನ್ನು ಹತ್ತುವ ಚಟದ ಕಡೆ ಬೆರಳು ತೋರಿಸಿತು. ಮಿತಿ ಹಾಕಿದವರು ಎಣಿಸಿದ್ದು ಪಂದ್ಯದ ಎಸೆತಗಳನ್ನು. ಸ್ಪೀಡ್ ಗನ್ ಮುಂದೆ ಹಾಕಿದ್ದು ಲೆಕ್ಕಕ್ಕೆ ಬರಲಿಲ್ಲ.

ನಮ್ಮಲ್ಲೂ ಅಷ್ಟೇ. ಒಬ್ಬ ಹುಡುಗ ಬೆಳಿಗ್ಗೆ ಅಕಾಡೆಮಿ, ಮಧ್ಯಾಹ್ನ ಶಾಲೆ ತಂಡ, ಭಾನುವಾರ ಕ್ಲಬ್ಬಿನ ಲೀಗ್ ಪಂದ್ಯ, ಸಂಜೆ ಗಲ್ಲಿಯಲ್ಲಿ ಟೆನಿಸ್ ಬಾಲ್. ನಾಲ್ಕು ಕಡೆ ನಾಲ್ಕು ಜನ ದೊಡ್ಡವರು, ಒಬ್ಬರಿಗೊಬ್ಬರು ಗೊತ್ತಿಲ್ಲ. ಇನ್ನೂ ಕೆಟ್ಟದ್ದು ನೆಟ್ಸ್. ಅಲ್ಲಿ ಸಾಲಾಗಿ ಬರುವ ಬ್ಯಾಟ್ಸ್‌ಮನ್‌ಗಳಿಗೆ ಅಭ್ಯಾಸ ಆಗಬೇಕೆಂದು ಎತ್ತರದ ಹುಡುಗ ಗಂಟೆಗಟ್ಟಲೆ ಹಾಕುತ್ತಲೇ ಇರುತ್ತಾನೆ. ಅವನ ಅಪ್ಪನೂ ಅಷ್ಟೇ ಫೀಸು ಕಟ್ಟಿರುತ್ತಾರೆ. ಎತ್ತರವಾಗಿದ್ದಾನೆ ಎಂದೇ ಅವನನ್ನು ಫಾಸ್ಟ್ ಬೌಲರ್ ಮಾಡಿರುವುದು. ಸರಸರ ಎತ್ತರ ಬೆಳೆಯುತ್ತಿರುವ ಮೈಯ ಎಲುಬೇ ಹೆಚ್ಚು ನಾಜೂಕು.

ಇದು ನಮ್ಮ ರಾಜ್ಯದಲ್ಲಿ ನಡೆಯುತ್ತಿದೆ ಎಂಬುದೇ ನನ್ನ ಸಿಟ್ಟು. ಭಾರತ ತಂಡದ ನೆಟ್ಸ್‌ನಲ್ಲಿ ಸೈಡ್‌ಆರ್ಮ್ ಹಿಡಿದು ಬ್ಯಾಟ್ಸ್‌ಮನ್‌ಗಳಿಗೆ ಭರ್ಜರಿ ವೇಗದ ಎಸೆತ ಕೊಟ್ಟು ಹೆಸರಾದವರು ಕುಮಟಾದ ರಾಘವೇಂದ್ರ, ಎಲ್ಲರ ಬಾಯಲ್ಲಿ ರಘು. ಉದ್ದ ಹಿಡಿಯ ಆ ಪ್ಲಾಸ್ಟಿಕ್ ಸಾಧನಕ್ಕೆ ಲಕ್ಷಾಂತರ ಖರ್ಚಿಲ್ಲ. ದೇಶದ ಬೌಲರ್‌ಗಳ ಬೆನ್ನಿಗೆ ಸಿಗುವ ಈ ಬಿಡುವು ಹದಿನಾಲ್ಕರ ಹುಡುಗನಿಗೆ ಏಕಿಲ್ಲ? ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆ ಹೋದರೆ 2024ರಲ್ಲಿ ಬಿಸಿಸಿಐ ತೆರೆದ, 40 ಎಕರೆಯ ಸೆಂಟರ್ ಆಫ್ ಎಕ್ಸಲೆನ್ಸ್ ಇದೆ. ಗಾಯಗೊಂಡ ದೊಡ್ಡ ಬೌಲರ್‌ಗಳು ಅಲ್ಲಿ ಒಂದೊಂದು ಎಸೆತ ಎಣಿಸಿಕೊಂಡು ಚೇತರಿಸಿಕೊಳ್ಳುತ್ತಾರೆ. ಇದೇ ಬಿಸಿಸಿಐ ವಯಸ್ಸಿನ ಮೋಸ ಹಿಡಿಯಲು ಹುಡುಗರ ಮಣಿಕಟ್ಟಿನ ಎಕ್ಸ್‌–ರೇ ತೆಗೆಸಿ ಎಲುಬಿನ ವಯಸ್ಸು ನೋಡುತ್ತದೆ. ಎಳೆಯ ಎಲುಬು ಎಂದು ಗೊತ್ತಾದ ಮೇಲೆ ಆ ಎಲುಬಿನ ಮೇಲೆ ಬೀಳುವ ಭಾರವನ್ನೂ ನೋಡಬೇಕಲ್ಲವೇ?

ಬಡ ಮನೆಯ ಹುಡುಗನಿಗೆ ಸಿಗುವುದು ಒಂದೇ ಟ್ರಯಲ್ಸ್, ಅಲ್ಲಿ ಬೆನ್ನು ನೋವೆಂದರೆ ಹೆಸರು ಹೊಡೆದುಹಾಕುತ್ತಾರೆ ಎಂಬ ಭಯ ನಿಜವಾದದ್ದು. ಆದ್ದರಿಂದಲೇ ಇದನ್ನು ಹುಡುಗನ, ಅಪ್ಪ ಅಮ್ಮನ ವಿವೇಕಕ್ಕೆ ಬಿಡಬಾರದು. ಲೆಕ್ಕದ ಪುಸ್ತಕ ತಂಡದ ಬಳಿ ಅಲ್ಲ, ಹುಡುಗನ ಬ್ಯಾಗಿನಲ್ಲೇ ಇರಬೇಕು. ನೆಟ್ಸ್, ಶಾಲೆ, ಕ್ಲಬ್, ಎಲ್ಲ ಎಸೆತಗಳೂ ಅದರಲ್ಲಿ ದಾಖಲಾಗಬೇಕು. ಒಂದೇ ದಿನ ಎರಡು ತಂಡಕ್ಕೆ ಬೌಲಿಂಗ್ ಬೇಡ. ವರ್ಷದಲ್ಲಿ ಕೆಲವು ತಿಂಗಳು ಬಾಲ್ ಮುಟ್ಟದ ಬಿಡುವು, ಮರಳುವಾಗ ವಾರದಿಂದ ವಾರಕ್ಕೆ ನಿಧಾನ ಏರಿಕೆ. ಏಕೆಂದರೆ ಪೂರ್ತಿ ಬಿಟ್ಟು ಒಮ್ಮೆಲೇ ಹಾಕುವುದೂ ಅಷ್ಟೇ ಅಪಾಯ. 16ರೊಳಗಿನವರ ಆಯ್ಕೆಯಿಂದ ಸ್ಪೀಡ್ ಗನ್ ಹೊರಗಿರಲಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಮುಂದಿನ ಸೀಸನ್‌ನಲ್ಲಿ 14ರೊಳಗಿನವರ ನೋಂದಣಿ ಮಾಡಿಕೊಳ್ಳುವಾಗ ಫಾರಂ ಜೊತೆಗೇ ಈ ಪುಸ್ತಕವನ್ನೂ ಕೊಡಲಿ, ಪುಸ್ತಕ ತೋರಿಸದ ಹುಡುಗನಿಗೆ ಅಂಪೈರ್ ಹೊಸ ಬಾಲ್ ಕೊಡದಿರಲಿ.