ವಾಲ್ಮೀಕಿಯ ಹೇಮಂತದಲ್ಲಿ ನೀರುಹಕ್ಕಿಗಳು

ಅರಣ್ಯಕಾಂಡದ ಹದಿನಾರನೆಯ ಸರ್ಗದಲ್ಲಿ ಬರುವ ಹೇಮಂತವರ್ಣನೆಯನ್ನು ಅಲಂಕಾರಶಾಸ್ತ್ರವನ್ನೋದಿದವರೆಲ್ಲರೂ ಬಲ್ಲರು. ಆದರೆ ಅವರು ಬಲ್ಲುದು ಪ್ರಾಯಶಃ ಒಂದೇ ಶ್ಲೋಕವನ್ನು. ಮಂಕಾದ ಚಂದ್ರನನ್ನು ಉಸಿರಿನಿಂದ ಮಬ್ಬಾದ ಕನ್ನಡಿಗೆ ಹೋಲಿಸುವ ಆ ಶ್ಲೋಕವನ್ನು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಅತ್ಯಂತತಿರಸ್ಕೃತವಾಚ್ಯಕ್ಕೆ ಉದಾಹರಣೆಯಾಗಿ ಎತ್ತಿಕೊಂಡನು. ಅಂದಿನಿಂದ ‘ಅಂಧ’ ಶಬ್ದವೊಂದರ ಮೇಲೆ ನಡೆದ ಚರ್ಚೆಗೆ ಮಿತಿಯಿಲ್ಲ. ಅದೇ ಸರ್ಗದಲ್ಲಿ ನೀರುಹಕ್ಕಿಗಳನ್ನು ಕುರಿತ ಎರಡು ಶ್ಲೋಕಗಳಿರುವುವು. ಅವುಗಳ ಬಳಿ ನಿಂತು ಪಾಠ ಹೇಳಿದ ಗುರುಗಳನ್ನು ನಾನು ಕಂಡಿಲ್ಲ.

ಒಂದರಲ್ಲಿ ನದಿಯ ನೀರನ್ನು ಮಂಜು ಮುಚ್ಚಿದೆ, ದಡದ ಮರಳು ಹನಿಯಿಂದ ತೊಯ್ದಿದೆ. ಸಾರಸಗಳು ಅಲ್ಲಿರುವುದು ಕೂಗಿನಿಂದ ಮಾತ್ರ ತಿಳಿಯುತ್ತದೆ. ಇನ್ನೊಂದರಲ್ಲಿ, ಅಂಜುಬುರುಕರು ರಣಕ್ಕೆ ಇಳಿಯಲೊಲ್ಲದಂತೆ, ಹಕ್ಕಿಗಳು ನೀರಿನ ಮಗ್ಗುಲಲ್ಲಿಯೇ ಕುಳಿತಿದ್ದು ನೀರಿಗೆ ಇಳಿಯಲೊಲ್ಲವು.

ಈ ಎರಡಕ್ಕೆ ವ್ಯಾಖ್ಯಾನ ಬೇಕಾದವರು ಮಾರ್ಗಶಿರ ಪುಷ್ಯಗಳಲ್ಲಿ ಹರಿಹರದ ತುಂಗಭದ್ರೆಯ ದಡಕ್ಕೆ ಹೋಗಬೇಕು. ಬಿಸಿಲಿನ ದಿನ ಬೇಡ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು, ನಮ್ಮಲ್ಲಿ ಮೂರು ದಿನ ಸೂರ್ಯದರ್ಶನವಿಲ್ಲದೆ ಜಿನುಗುಮಳೆ ಹಿಡಿಯುವುದಲ್ಲವೆ, ಅಂಥ ಬೆಳಗೇ ಆಗಬೇಕು. 1224ರಲ್ಲಿ ಪೊಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ಹಿಂದೆ ಬಿಟ್ಟು ಹೊಳೆಯ ಕಡೆಗೆ ನಡೆದರೆ ಆಚೆಯ ದಡವೇ ಇರುವುದಿಲ್ಲ. ಆಗ ಟಿಟ್ಟಿಭವು ಕೂಗುತ್ತದೆ. ಎಲ್ಲಿಯೋ ಸಿಳ್ಳೆಬಾತು ಹಾರಿಹೋದದ್ದು ಅದರ ಸಿಳ್ಳಿನಿಂದ ತಿಳಿಯುತ್ತದೆ. ಅಮರಸಿಂಹನು ಪುಷ್ಕರಾಹ್ವವೆಂದು ಹೆಸರಿಸಿದ ಆ ಸಾರಸವು, ಅಂದರೆ ಉತ್ತರದೇಶದ ಹಿರಿಯ ಕೊಕ್ಕರೆಯು, ನಮ್ಮ ಹೊಳೆಯಲ್ಲಿಲ್ಲ ನಿಜ. ಶ್ಲೋಕದ ಅನುಭವಕ್ಕೆ ಅದರಿಂದ ಕೊರತೆಯೇನೂ ಬರುವುದಿಲ್ಲ.

ಎರಡನೆಯ ಶ್ಲೋಕಕ್ಕೆ ಕೊಂಡಜ್ಜಿಯ ಕೆರೆಯೋ ದಾವಣಗೆರೆಯ ಕುಂದವಾಡದ ಕೆರೆಯೋ ಸಾಕು. ಚಳಿಗಾಲದಲ್ಲಿ ಉತ್ತರ ಏಷ್ಯದಿಂದ ನಮ್ಮ ಸೀಮೆಯ ಕೆರೆಗಳಿಗೆ ಇಳಿಯುವ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಮೊದಲಾದವು ಹಗಲೆಲ್ಲ ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿ ಜೌಗಿನ ಅಂಚಿನಲ್ಲಿ ಸುಮ್ಮನಿರುವುದುಂಟು. ಇದು ಚಳಿಯ ಭಯವಲ್ಲ. ಅವುಗಳ ಗರಿಗೆ ಎಣ್ಣೆಯ ಲೇಪವುಂಟು, ನೀರು ಒಳಹೋಗದು; ಮೇವು ಬಹುಮಟ್ಟಿಗೆ ರಾತ್ರಿಯಲ್ಲಿ ನಡೆಯುವುದರಿಂದ ಹಗಲು ವಿಶ್ರಾಂತಿ. ಹಾಗಾದರೆ ಕವಿ ತಪ್ಪಿದನೆ? ಇಲ್ಲ. ಆತನು ಕಂಡುದು ಸತ್ಯ. ಅದಕ್ಕೆ ಕೊಟ್ಟ ಹೇತುವು ಮಾತ್ರ ಕವಿಕಲ್ಪಿತ.

ಹಿಂದಿನ ಲಾಕ್ಷಣಿಕರು ಬೇರೆ ದಾರಿ ತೋರಿಸಿದರು. ಎಲ್ಲಿ ನೀರುಂಟೋ ಅಲ್ಲಿ ಹಂಸವನ್ನು ವರ್ಣಿಸುವುದು ಕವಿಸಮಯವೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಒಪ್ಪಿಕೊಂಡಿರುವನು, ಹಂಸವು ಅಲ್ಲಿ ಇರಲಿ ಬಿಡಲಿ. ನಮ್ಮ ಚಂಪೂಕವಿಗಳಲ್ಲಿ ಅನೇಕರು ಅಷ್ಟಾದಶವರ್ಣನೆಗಳ ಲೆಕ್ಕ ತುಂಬಿಸುವಾಗ ಹಿಡಿದುದು ಈ ಹಾದಿಯನ್ನೇ. ಕಾಳಿದಾಸನಿಗಾದರೂ ಕಿವಿಯುಂಟು, ಋತುಸಂಹಾರದಲ್ಲಿ ಬೆಳೆದ ಬತ್ತದ ಗದ್ದೆಯ ನಡುವೆ ಕ್ರೌಂಚಗಳು ಕೂಗುತ್ತವೆ. ಆದರೆ ಅವನ ಶಿಶಿರವು ಬೇಗನೆ ಮನೆಯೊಳಹೊಕ್ಕು ಕಿಟಕಿ ಮುಚ್ಚಿಕೊಂಡು ಬೆಂಕಿ ಕಾಯಿಸಿಕೊಳ್ಳುತ್ತದೆ. ವಾಲ್ಮೀಕಿಯು ಹೊರಗೇ ನಿಂತನು.

ಇನ್ನು ನನಗೆ ಮುಖ್ಯವೆಂದು ತೋರುವ ಸಂಗತಿ. ಈ ವರ್ಣನೆಯು ಕವಿಯ ಮಾತಲ್ಲ, ಕೊಡವನ್ನು ಹಿಡಿದು ಗೋದಾವರಿಯ ಸ್ನಾನಕ್ಕೆ ಹೊರಟ ಲಕ್ಷ್ಮಣನ ಮಾತು. ಕಣ್ಣಿಗೆ ಕಾಣದುದನ್ನು ಕೂಗಿನಿಂದ ಅರಿಯುವವನು ಅವನು. ಇದೇ ಕಾಂಡದಲ್ಲಿ ಮುಂದೆ ಮಾರೀಚನು ಸಾಯುತ್ತ ರಾಮನ ಕಂಠದಲ್ಲಿ ಕೂಗಿದಾಗ ಸೀತೆಯು ನಂಬಿದಳು. ಅದು ಅಣ್ಣನ ಸ್ವರವಲ್ಲ, ರಾಕ್ಷಸನ ಮಾಯೆಯೆಂದವನು ಲಕ್ಷ್ಮಣನೊಬ್ಬನೇ. ಹಕ್ಕಿಗಳಲ್ಲಿಯೂ ಈ ವಂಚನೆ ಇಲ್ಲದಿಲ್ಲ. ಕಾಜಾಣವು ಡೇಗೆಯ ಕೂಗನ್ನು ಅನುಕರಿಸುವುದುಂಟು, ಬಹುಕಾಲ ಕಿವಿಗೊಟ್ಟವನಿಗೆ ಮಾತ್ರ ಅದರ ಬೇರೆತನ ತಿಳಿಯುವುದು. ಮಂಜಿನ ನದಿಯ ದಡದಲ್ಲಿ ಸಾರಸಗಳನ್ನು ಗುರುತಿಸಿದ ಕಿವಿಯನ್ನು ಕವಿಯು ಆ ವಿಪತ್ತಿಗೆ ಬಹಳ ಮೊದಲೇ ನಮಗೆ ಪರಿಚಯಿಸಿರುವನು. ಆ ಮಾತು ನಡೆಯದೆ ಹೋದುದರಲ್ಲಿಯೇ ಅಲ್ಲವೆ ಆ ಪ್ರಸಂಗದ ಕರುಣವಿರುವುದು? ಹೇಮಂತಸರ್ಗವನ್ನು ಬರಿಯ ವರ್ಣನೆಯೆಂದು ಹಾರಿಸಿ, ಶೂರ್ಪಣಖಿ ಬರುವ ಮುಂದಿನ ಸರ್ಗಕ್ಕೆ ಧಾವಿಸುವ ಪಾರಾಯಣದವರು ಮಾರೀಚನ ಕೂಗಿನ ಬಳಿಗೆ ಬರುವಾಗ ಈ ಕಿವಿಯ ಗುರುತಿಲ್ಲದೆಯೇ ಬರುತ್ತಾರೆ.